ಯಲವಿಗಿಯ ಓದುವ ಕೋಣೆಯಲ್ಲಿ ಕಡಿಮೆಯಾದ ಒಂದು ಅಡಿ

೨೦೨೩ರ ಜನವರಿ ೯, ಸೋಮವಾರ, ಯಲವಿಗಿಗೆ ನನ್ನ ಮೊದಲ ಭೇಟಿ. ಆಧಾರ: ಅಂದು ಹುಬ್ಬಳ್ಳಿಯಲ್ಲಿ ಕೊಂಡು, ಯಲವಿಗಿಯಲ್ಲಿ ಇಳಿದ ಮೇಲೂ ಕೋಟಿನ ಕಿಸೆಯಲ್ಲೇ ಉಳಿದುಹೋದ ಪ್ಯಾಸೆಂಜರ್ ರೈಲಿನ ಟಿಕೆಟು. ನನ್ನ ದಿನಚರಿ ಇದೇ ಭೇಟಿಯನ್ನು ಮರುದಿನದ ಪುಟದಲ್ಲಿ ತೋರಿಸುತ್ತದೆ. ದಣಿದು ಬಂದು ಮಲಗಿ, ಮಂಗಳವಾರ ಬರೆದಿರಬೇಕು. ಕೈಬರಹಕ್ಕೂ ಅಚ್ಚಿಗೂ ಭಿನ್ನಾಭಿಪ್ರಾಯ ಬಂದಾಗ ಇಲ್ಲಿ ಅಚ್ಚನ್ನೇ ಒಪ್ಪಿದ್ದೇನೆ. ಮುಂದೆ ಬರುವ ದಿನಾಂಕಗಳನ್ನೂ ಕನಿಷ್ಠ ಎರಡು ಕಡೆ ನೋಡಿಯೇ ಬರೆದಿದ್ದೇನೆ.

ಶಾಸನಗಳಲ್ಲಿ ಉಕ್ತವಾದ ಅಳತೆಗೋಲುಗಳ ಅಧ್ಯಯನದಲ್ಲಿ ತೊಡಗಿ ನಿವೃತ್ತನಾದವನನ್ನು ಕಟ್ಟಡದ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ನನ್ನನ್ನು ಕರೆದವರು ಶಿಗ್ಗಾವಿಯ ಒಂದು ಚಿಕ್ಕ ದತ್ತಿಯ ಹಿರಿಯರು. ಹಾನಗಲ್ಲಿನ ನನ್ನ ಮನೆಗೇ ಬಂದು ಅವರು ಹೇಳಿದ್ದರ ಸಾರಾಂಶ ಇಷ್ಟು: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ತಲಾ ಇಬ್ಬರಂತೆ ಎಂಟು ಮಂದಿ ಯುವಕ ಯುವತಿಯರನ್ನು ಇಟ್ಟಿಗೆ ಗಾರೆಯ ಗೌಂಡಿ ಕೆಲಸದ ಅಪ್ರೆಂಟಿಸರಾಗಿ ಒಂದು ವರ್ಷ ತರಬೇತಿಗೆ ತೆಗೆದುಕೊಳ್ಳುವುದು, ಸವಣೂರು ತಾಲೂಕಿನ ಯಲವಿಗಿಯಲ್ಲಿ ಗ್ರಂಥಾಲಯದ ಮಗ್ಗುಲಿಗೆ ಒಂದು ಓದುವ ಕೋಣೆಯನ್ನು ಅವರ ಕೈಯಿಂದಲೇ ಕಟ್ಟಿಸುವುದು. ಕೋಣೆಯ ಗುತ್ತಿಗೆ ಹಿಡಿದವನೊಂದಿಗೆ ಪ್ರತಿ ಅಪ್ರೆಂಟಿಸನದೂ ಕರಾರು. ವಾರಕ್ಕೊಮ್ಮೆ ಬಂದು ನಕ್ಷೆ ಓದುವುದನ್ನೂ ಅಳತೆಯನ್ನೂ ಕಲಿಸುವುದು, ಮತ್ತು ಪ್ರತಿಯೊಬ್ಬರ ಯೋಗ್ಯತೆಯ ಬಗ್ಗೆ ಲಿಖಿತ ಅಭಿಪ್ರಾಯ ಕೊಡುವುದು ನನ್ನ ಪಾಲಿನ ಕೆಲಸ. ನಾನು ‘ಅಯೋಗ್ಯ’ ಎಂದು ಬರೆದುಕೊಟ್ಟರೆ ಕರಾರು ಅಲ್ಲಿಗೆ ಮುಗಿಯುತ್ತಿತ್ತು. ಒಪ್ಪಿಕೊಳ್ಳುವಾಗ ಈ ಷರತ್ತನ್ನು ನಾನು ಅಷ್ಟಾಗಿ ಗಮನಿಸಿರಲಿಲ್ಲ.

ಕಲಿಸುವ ನಿಜವಾದ ಭಾರ ಸವಣೂರಿನ ಒಬ್ಬ ಹಿರಿಯ ಗೌಂಡಿಯ ಮೇಲಿತ್ತು. ಮಾತು ಕಡಿಮೆ. ಮೊದಲ ಮೂರು ವಾರ ಅವರು ಅಪ್ರೆಂಟಿಸರ ಕೈಗೆ ಗಾರೆಯನ್ನೇ ಕೊಡಲಿಲ್ಲ. ಇಟ್ಟಿಗೆಗಳನ್ನು ಒಣಗಿದ್ದಂತೆಯೇ ವರಸೆಯ ಮೇಲೆ ವರಸೆ ಇಡಿಸುತ್ತಿದ್ದರು. ಒಂದು ವರಸೆಯ ಸಂದು ಕೆಳಗಿನ ವರಸೆಯ ಸಂದಿನ ಮೇಲೆ ಬರಕೂಡದು, ಮೂಲೆಯಲ್ಲಿ ಅಡ್ಡ ಇಟ್ಟಿಗೆ ಉದ್ದ ಇಟ್ಟಿಗೆಯನ್ನು ಕಚ್ಚಿಕೊಳ್ಳಬೇಕು, ತೂಗುಗುಂಡು ಗೋಡೆಗೆ ತಾಗದೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಬೇಕು. ಸಂಜೆಗೆ ಅಷ್ಟನ್ನೂ ಬಿಚ್ಚಿ ಮತ್ತೆ ಒಟ್ಟಿಡಬೇಕು. ಹಾನಗಲ್ಲ ತಾಲೂಕಿನ ಆಡೂರಿನಿಂದ ಬಂದಿದ್ದ ಹುಡುಗನಿಗೆ ಬಾಯಿ ಚುರುಕು.

“ಮುಂಜಾನೆ ಕಟ್ಟೋದು, ಸಂಜೀಕ ಕೆಡವೋದು. ಇದೇನ ಗೌಂಡಿ ಕೆಲಸೋ, ಪಂಚಾಯ್ತಿ ಕೆಲಸೋ?”

“ಈಗ ಕೆಡವಪಾ. ಗಾರಿ ಕುಂತ ಮ್ಯಾಲೆ ಕೆಡವಾಕ ನಿಮ್ಮಪ್ಪನ್ನ ಕರೀಬೇಕಾಕೈತಿ,” ಎಂದರು ಗೌಂಡಿ, ತಲೆ ಎತ್ತದೆ.

ಅದೇ ಹುಡುಗ ನನ್ನ ನಕ್ಷೆಯ ಪಾಠದಲ್ಲಿ, ತನ್ನೂರಿನ ಹಳೆಯ ಶಾಸನಗಳನ್ನು ನೆನೆದು, “ನಮ್ಮೂರಾಗ ಕಲ್ಲಿನ ಮ್ಯಾಲೆ ಬರದದ್ದನ್ನ ಇನ್ನೂ ಯಾರಿಗೂ ಓದಾಕ ಬಂದಿಲ್ರಿ ಸರ, ನೀವು ಹಾಳಿ ಮ್ಯಾಲಿನ ಗೆರಿ ಓದು ಅಂತೀರಿ,” ಎಂದಿದ್ದ. ಆ ಶಾಸನಗಳ ಮುಂದೆ ಅನೇಕ ದಿನ ಕುಳಿತವನು ನಾನು. ಅವನಿಗೆ ಆ ಸಂಗತಿಯನ್ನು ಹೇಳಲಿಲ್ಲ.

ಈ ಕಥನ ಮುಖ್ಯವಾಗಿ ಸಂಬಂಧಿಸಿರುವುದು ಹಿರೇಕೆರೂರು ತಾಲೂಕಿನ ಮಾಸೂರಿನಿಂದ ಬಂದ ಹುಡುಗಿಗೆ. ಬೌದ್ಧ ಕುಟುಂಬ. ತಂದೆ ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿ. ತಾಯಿ ಗದ್ದೆಯ ಕೆಲಸವಿಲ್ಲದ ತಿಂಗಳುಗಳಲ್ಲಿ ಕಟ್ಟಡಗಳಲ್ಲಿ ಗಾರೆಯ ಬುಟ್ಟಿ ಹೊರುವವಳು. ಈ ಸೀಮೆಯಲ್ಲಿ ಹೆಣ್ಣುಮಕ್ಕಳು ಕಟ್ಟಡದ ಕೆಲಸಕ್ಕೆ ಬರುವುದು ಹೊಸದೇನಲ್ಲ, ಆದರೆ ಅವರ ಕೆಲಸ ತಲೆಯ ಮೇಲಿನ ಬುಟ್ಟಿಗೆ ಮುಗಿಯುತ್ತದೆ. ಗಾರೆ ಹಾಸುವ ಕರಣೆ ಹಿಡಿಯುವವರು ಗಂಡಸರು. ಆಯ್ಕೆಯ ದಿನ ಆಕೆಯನ್ನು ಯಾಕೆ ಬಂದೆ ಎಂದು ಕೇಳಿದಾಗ ಹೇಳಿದ್ದು ಒಂದೇ ಮಾತು: “ನಾ ಹೊರಾಕ ಬಂದಿಲ್ರಿ, ಇಡಾಕ ಬಂದೇನಿ.” ವರ್ಷ ಪೂರೈಸಿ ಪ್ರಮಾಣಪತ್ರ ತಂದರೆ ಸರಿ, ನಡುವೆ ಕೈಬಿಟ್ಟು ಬಂದರೆ ತಾಯಿಯ ಜೊತೆ ಬುಟ್ಟಿ ಹೊರಬೇಕು ಎಂದು ಮನೆಯಲ್ಲಿ ಮಾತಾಗಿದೆಯೆಂದು ಆಮೇಲೆ ತಿಳಿಯಿತು.

ಕೋಣೆಯ ನಕ್ಷೆ ಸರಳವಾಗಿತ್ತು. ಒಳಗಿನ ಉದ್ದ ಹದಿನೇಳು ಅಡಿ, ಅಗಲ ಹದಿನೈದು. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ. ಮೇಲೆ ಶಿಗ್ಗಾವಿಯ ಅಂಗಳದಲ್ಲಿ ಮೊದಲೇ ಎರಕ ಹೊಯ್ದು ತರುವ ಕಾಂಕ್ರೀಟಿನ ಹಲಗೆಗಳು. ಸವಣೂರು ಕಡೆಯದು ಎರೆಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಆದ್ದರಿಂದ ಗಟ್ಟಿ ಗರಸು ಸಿಗುವವರೆಗೆ ಪಾಯ ತೋಡಬೇಕಾಯಿತು. ಫೆಬ್ರುವರಿ ೨, ಗುರುವಾರ, ಸುಣ್ಣದ ಪುಡಿಯಲ್ಲಿ ಪಾಯದ ಗುರುತು ಹಾಕಿದರು. ನಾನು ಅಂದು ಯಲವಿಗಿಯಲ್ಲಿ ಇರಲಿಲ್ಲ. ಸಂಜೆ ಕಟ್ಟಡದ ಮೇಲ್ವಿಚಾರಕ ಫೋನು ಮಾಡಿ, ಕರ್ಣಗಳೆರಡೂ ಸಮ ಬಂದಿವೆ, ಮೂಲೆಗಳು ಸರಿಯಾಗಿವೆ ಎಂದ. ಆತ ಡಿಪ್ಲೊಮಾ ಮುಗಿಸಿ ಬಂದ ತರುಣ. ಶ್ರದ್ಧೆಯಿಂದ ಕೆಲಸ ಮಾಡುವವನು.

ಮಾರ್ಚಿನ ಹೊತ್ತಿಗೆ ಶಿಗ್ಗಾವಿ ಕಡೆಯ ಇಬ್ಬರೂ ಬಿಟ್ಟುಹೋದರು. ಒಬ್ಬನಿಗೆ ಮನೆಯ ಮೆಣಸಿನಕಾಯಿ ಬಿಡಿಸುವ ಕೆಲಸ, ಇನ್ನೊಬ್ಬನಿಗೆ ಬಿಸಿಲು. ಗುತ್ತಿಗೆದಾರನಿಗೆ ಇದರಿಂದ ಬೇಸರವಾಗಿತ್ತು. ಶಿಗ್ಗಾವಿಯ ಹಳೆಯ ವ್ಯಾಪಾರಸ್ಥ ಶೈವ ಮನೆತನದ ಆತ ಕೆಟ್ಟವನಲ್ಲ. ಕಲಿಯುವವರ ಕೈಗೆ ತನ್ನ ಕಟ್ಟಡ ಕೊಟ್ಟ ಧೈರ್ಯ ಬೇರೆ ಯಾವ ಗುತ್ತಿಗೆದಾರನಿಗೂ ಇರಲಿಲ್ಲ ಎಂಬುದನ್ನು ಕೃತಜ್ಞತೆಯಿಂದಲೇ ದಾಖಲಿಸಬೇಕು. ಉಳಿದವರಲ್ಲಿ ಮಾಸೂರಿನ ಹುಡುಗಿಯ ಕೈ ಎಲ್ಲರಿಗಿಂತ ಬೇಗ ಹದಕ್ಕೆ ಬಂದಿತ್ತು. ಆಕೆ ಗಾರೆ ಹಾಸಿದರೆ ಅಂಚಿನಿಂದ ಒಂದು ಚೂರೂ ಕೆಳಗೆ ಬೀಳುತ್ತಿರಲಿಲ್ಲ.

ಏಪ್ರಿಲ್ ೧೮, ಮಂಗಳವಾರ, ಹಲಗೆಗಳು ಬಂದವು. ಸರಪಳಿಯ ರಾಟೆಯಿಂದ ಮೊದಲ ಹಲಗೆಯನ್ನು ಎತ್ತಿ ಗೋಡೆಗಳ ಮೇಲೆ ಇಳಿಸಿದಾಗ ನಾನು ಅಲ್ಲಿಯೇ ಇದ್ದೆ. ಹಲಗೆಯ ತುದಿಗಳು ಗೋಡೆಯ ಅರ್ಧ ದಪ್ಪದ ಮೇಲೆ ಕುಳಿತು, ಹೊರಗಿನ ಅರ್ಧಕ್ಕೆ ಇಟ್ಟಿಗೆಯ ಮರೆ ಬರಬೇಕಿತ್ತು. ಆದರೆ ಎರಡೂ ಬದಿಯಲ್ಲಿ ತುದಿ ಗೋಡೆಯ ಪೂರ್ಣ ದಪ್ಪವನ್ನು ದಾಟಿ ಒಂದೂವರೆ ಅಂಗುಲ ಹೊರಗೆ ಚಾಚಿತು.  ಮೇಲ್ವಿಚಾರಕ ಹಲಗೆಯನ್ನು ಅಳೆದ, ನಕ್ಷೆಯಂತೆಯೇ ಇತ್ತು. ಕೋಣೆಯ ಒಳಗಿಳಿದು ಅಳೆದ. ಉದ್ದ ಹದಿನೇಳು, ಅಗಲ ಹದಿನಾಲ್ಕು.

ಒಂದು ಅಡಿ ಹೋಗಿದ್ದು ಎಲ್ಲಿ ಎಂದು ಪತ್ತೆ ಮಾಡಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಗುರುತು ಹಾಕಿದ ದಿನ ಉದ್ದದ ಗೆರೆಗಳನ್ನು ಅವನೇ ತನ್ನ ಉಕ್ಕಿನ ಟೇಪಿನಿಂದ ಎಳೆದಿದ್ದ. ಅಗಲವನ್ನು ಅಪ್ರೆಂಟಿಸರು ಹಳೆಯ ಬಟ್ಟೆಯ ಟೇಪಿನಿಂದ ಅಳೆದಿದ್ದರು. ಆ ಟೇಪಿನ ಮೊದಲ ಅಡಿ ಹರಿದುಹೋಗಿತ್ತು. ಅಂಥ ಟೇಪನ್ನು ಒಂದರ ಗೆರೆಯಿಂದ ಹಿಡಿದು, ಇನ್ನೊಂದು ತುದಿಯಲ್ಲಿ ಒಂದು ಅಡಿ ಹೆಚ್ಚು ಓದುವುದು ರೂಢಿ. ಹದಿನೈದು ಬೇಕೆಂದರೆ ಹದಿನಾರಕ್ಕೆ ಗುರುತು ಹಾಕಬೇಕು. ಆಡೂರಿನ ಹುಡುಗ ಒಂದರ ಗೆರೆ ಹಿಡಿದಿದ್ದ. ಓದಿದವಳು ಮಾಸೂರಿನ ಹುಡುಗಿ. ಹದಿನೈದಕ್ಕೇ ಓದಿ ನಿಲ್ಲಿಸಿದ್ದಾಳೆ, ಎರಡೂ ತುದಿಯಲ್ಲಿ ಅದೇ ತಪ್ಪು ಮಾಡಿದ್ದರಿಂದ ಕರ್ಣಗಳು ಸಮವಾಗಿಯೇ ಬಂದಿವೆ ಎಂಬುದು ಅವನ ವಾದ. ವಾದದಲ್ಲಿ ಬಿರುಕಿರಲಿಲ್ಲ. ಆಯತ ಎಷ್ಟೇ ಕಿರಿದಾದರೂ ಅದರ ಕರ್ಣಗಳು ಪರಸ್ಪರ ಸಮವೇ.

ಗುತ್ತಿಗೆದಾರ ಆಕೆಯನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿದ. “ಸರ, ನೀವ ಬರದು ಕೊಡ್ರಿ. ಅಳತಿ ಓದಾಕ ಬರದಾಕಿನ್ನ ಇಟಗೊಂಡು ಕುಂತ್ರ ನಾಳೆ ನನ್ನ ಕೈಯಾಗ ಮನಿ ಕಟ್ಟಾಕ ಯಾರು ಕೊಡ್ತಾರ್ರಿ? ಉಳದವ್ರರ ನೆಟ್ಟಗ ಕಲೀಲಿ.”

ಹುಡುಗಿ ಗೋಡೆಯ ನೆರಳಿನಲ್ಲಿ ನಿಂತಿದ್ದಳು. ಕೈಗೆ ಮೆತ್ತಿದ ಗಾರೆ ಅಲ್ಲಿಯೇ ಒಣಗುತ್ತಿತ್ತು. ಅಳತೆಯ ವಿಷಯದಲ್ಲಿ ಅಭಿಪ್ರಾಯ ಕೊಡಲೆಂದೇ ನೇಮಕವಾದವನು ನಾನು. ಅಳತೆ ತಪ್ಪಿರುವುದು ಕಣ್ಣೆದುರಿಗಿದೆ. ಬರೆಯಲಾರೆ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ಕಡತ ತೆರೆದೆ.

ಆಗ ಹಿರಿಯ ಗೌಂಡಿ ಅಟ್ಟಣಿಗೆಯಿಂದ ಇಳಿದು ಬಂದರು. ಕರಣೆಯನ್ನು ಗೋಣಿಚೀಲಕ್ಕೆ ಒರೆಸಿ ಪಕ್ಕಕ್ಕಿಟ್ಟರು.

“ಬರೀಬ್ಯಾಡ್ರಿ ಸರ. ಅಡಿ ಕಡಿಮಿ ಮಾಡಿಸಿದಾವ ನಾನ. ಹದಿನೈದಕ್ಕ ಆಯಾ ಕೂಡಿ ಬರಲಿಲ್ಲ.”

ಆಯ ಎಂಬುದು ನಮ್ಮ ಕಡೆ ಮನೆ ಕಟ್ಟುವವರೆಲ್ಲ ಬಲ್ಲ ಲೆಕ್ಕ. ಕೋಣೆಯ ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಬೇಕು. ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಮೂರಕ್ಕೆ ಸಿಂಹ, ಐದಕ್ಕೆ ವೃಷಭ, ಏಳಕ್ಕೆ ಗಜ, ಇವು ಶುಭ. ಸಮಸಂಖ್ಯೆಗಳಾದ ಧೂಮ, ಶ್ವಾನ, ಖರ, ಕಾಕಗಳು ಅಶುಭ. ಅಶುಭ ಬಂದರೆ ಗೌಂಡಿಗಳು ಗೋಡೆಯನ್ನು ಅಷ್ಟಿಷ್ಟು ಸರಿಸುವುದುಂಟು, ನಕ್ಷೆ ಬರೆದವರಿಗೆ ಅದು ಗೊತ್ತಾಗದೆಯೂ ಹೋಗುವುದುಂಟು. ಕೋಲಿನಿಂದ ಅಳೆದ ಕಾಲದ ಒಂದು ಪದ್ಧತಿ ಸಿಮೆಂಟಿನ ನಡುವೆ ಉಸಿರಾಡುತ್ತಿರುವುದನ್ನು ಕಂಡು ನನಗೆ ಆ ಗಳಿಗೆಯಲ್ಲೂ ಸಂತೋಷವಾಯಿತೆಂದು ಹೇಳಬೇಕು.

ಗುತ್ತಿಗೆದಾರ ತಣ್ಣಗಾದ. ಅವನ ಸ್ವಂತ ಮನೆಯ ಪಡಸಾಲೆಯನ್ನು ಆಯಕ್ಕಾಗಿ ಹೇಗೆ ಹಿಗ್ಗಿಸಿದರೆಂಬುದನ್ನು ಅವನೇ ನನಗೆ ಒಮ್ಮೆ ಹೇಳಿದ್ದ. ಆಯ ನೋಡಿದ್ದಕ್ಕೆ ಹಿರಿಯ ಗೌಂಡಿಯೊಬ್ಬರನ್ನು ಗದರಿಸುವುದು ಅವನಿಂದ ಆಗದ ಮಾತು.

“ಮದಲ ಹೇಳಬೇಕಿತ್ತಲ್ರಿ ಗೌಂಡ್ಯಾರ,” ಎಂದಷ್ಟೇ ಅಂದ.

“ಹೇಳಿದ್ರ ನಕ್ಷಿ ತಿದ್ದಾಕ ಮತ್ತ ಎರಡು ತಿಂಗಳ ಅಂತಿದ್ರಿ. ಹಲಗಿ ಅಳತಿ ಆಮ್ಯಾಲೆ ತಿಳಿಸಿದ್ರಾತು ಅಂತ ಮಾಡಿದ್ದೆ. ಮರತೆ. ವಯಸ್ಸಾತಲ್ರಿ.”

ಮೇಲ್ವಿಚಾರಕನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಆಕಿ ಮನ್ಯಾಗ ಆಯಾ ಗೀಯಾ ನೋಡಂಗಿಲ್ಲಲ್ರಿ ಕಾಕಾ. ಆಕಿ ಹೆಂಗ ಒಪ್ಪಿದ್ಲು?”

“ಆಕಿನ್ನ ಕೇಳಿದವ್ರ ಯಾರಪಾ? ನಾ ಹೇಳಿದೆ, ಆಕಿ ಹಿಡದ್ಲು. ಕಲಿಯಾಕ ಬಂದಾಕಿ ಮತ್ತೇನ ಮಾಡಬೇಕಿತ್ತು, ನನಗ ಪಾಠ ಹೇಳಬೇಕಿತ್ತೇನು?”

ಹುಡುಗಿ “ಕಾಕಾ...” ಎಂದು ಬಾಯಿ ತೆರೆದಳು. ಅವರು ಮುಂದೆ ಮಾತನಾಡಗೊಡಲಿಲ್ಲ. “ಹೋಗವಾ, ಇಟ್ಟಂಗಿ ನೆನಿ ಹಾಕು. ಮ್ಯಾಲಿನ ಮೂರು ವರಸಿ ಬಿಚ್ಚೋದೈತಿ.”

ಕಡತ ಮುಚ್ಚಿದೆ. ಉಳಿದದ್ದು ಹಲಗೆಗಳ ಪ್ರಶ್ನೆ. ಅವುಗಳನ್ನು ಕೊಯ್ಯುವಂತಿಲ್ಲ, ತುದಿಯವರೆಗೂ ಕಬ್ಬಿಣದ ಸರಳುಗಳಿದ್ದು, ಕೊಯ್ದರೆ ತುಕ್ಕಿಗೆ ದಾರಿಯಾಗುತ್ತದೆ. ಪಾಯವೇ ಕಿರಿದಾಗಿರುವುದರಿಂದ ಗೋಡೆ ಸರಿಸುವುದೂ ಸಾಧ್ಯವಿಲ್ಲ. ಚಾಚಿದ ತುದಿಗಳನ್ನು ಹಾಗೆಯೇ ಬಿಟ್ಟರೆ ಮಳೆಯ ನೀರು ಹಲಗೆಯ ಅಡಿಯಿಂದ ಗೋಡೆಗೆ ಇಳಿಯುತ್ತದೆ. ಗೌಂಡಿಯ ಸಲಹೆ ಹೀಗಿತ್ತು: ಮೇಲಿನ ಮೂರು ವರಸೆ ಬಿಚ್ಚಿ, ಒಂದೊಂದನ್ನೂ ಕೆಳಗಿನದಕ್ಕಿಂತ ಒಂದೂವರೆ ಅಂಗುಲ ಹೊರಗೆ ಚಾಚಿ ಮತ್ತೆ ಕಟ್ಟುವುದು. ಹಳೆಯ ವಾಡೆ ಮನೆಗಳ ಸೂರಿನ ಕೆಳಗೆ ಕಾಣುವಂಥ ಚಾಚು. ಒಟ್ಟು ನಾಲ್ಕೂವರೆ ಅಂಗುಲ ಸಿಗುತ್ತದೆ. ಹಲಗೆಯ ತುದಿಗೂ ಆಸರೆ, ಅದರ ಹೊರಗೆ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಮರೆ ಕಟ್ಟಲೂ ಜಾಗ.

ಇಲ್ಲಿ ನಾನು ಒಂದು ತೀರ್ಮಾನ ತೆಗೆದುಕೊಂಡೆ. ಇಡೀ ವರ್ಷದಲ್ಲಿ ನನ್ನ ಕೊಡುಗೆಯೆಂದು ಹೇಳಿಕೊಳ್ಳಬಹುದಾದದ್ದು ಅದೊಂದೇ. ಅಪ್ರೆಂಟಿಸರ ಕೊನೆಯ ಪರೀಕ್ಷೆಗೆ ನೇರ ಗೋಡೆಯ ಒಂದು ತುಂಡು ಕಟ್ಟಿಸುವುದೆಂದು ನಿಗದಿಯಾಗಿತ್ತು. ಟೇಪು ಹಿಡಿದಿದ್ದ ಇಬ್ಬರಿಗೆ ಅದನ್ನು ಬಿಟ್ಟು, ವರ್ಷದ ಕೊನೆಯವರೆಗೆ ಕಾಯದೆ, ಈ ಚಾಚನ್ನೇ ಪರೀಕ್ಷೆಯಾಗಿ ಇಡೋಣ. ಪೂರ್ವದ ಗೋಡೆಯದನ್ನು ಮಾಸೂರಿನ ಹುಡುಗಿ, ಪಶ್ಚಿಮದ್ದನ್ನು ಆಡೂರಿನ ಹುಡುಗ ಕಟ್ಟಲಿ. ಹೊರಗಿನ ಪರೀಕ್ಷಕರೊಬ್ಬರು ಬಂದು ನೋಡಲಿ ಎಂದೆ. ಸೋತರೆ ಕರಾರು ಮುಗಿಯುವುದಕ್ಕೆ ನಾನೇ ಸಹಿ ಹಾಕುತ್ತೇನೆ ಎಂದೂ ಹೇಳಿದೆ. ಗುತ್ತಿಗೆದಾರ ಸ್ವಲ್ಪ ಯೋಚಿಸಿ ಒಪ್ಪಿದ.

ಕೆಲಸ ಆರಂಭವಾದದ್ದು ಏಪ್ರಿಲ್ ೨೦, ಗುರುವಾರ. ಪಂಚಾಂಗದಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ, ಅಂದು ಅಮಾವಾಸ್ಯೆ. ಆ ದಿನ ಇಲ್ಲಿಯ ಗೌಂಡಿಗಳು ಕರಣೆ ಮುಟ್ಟುವುದಿಲ್ಲ. ಸಲಕರಣೆ ತೊಳೆದು ಪೂಜೆ ಮಾಡಿ ಮನೆಯಲ್ಲಿರುತ್ತಾರೆ. ಹಿರಿಯ ಗೌಂಡಿ ಮಾತ್ರ ಎಂದಿನಂತೆ ಬಂದರು.

ಚಾಚು ಕಟ್ಟುವುದು ನೇರ ಗೋಡೆ ಕಟ್ಟಿದಂತಲ್ಲ. ಅಡ್ಡ ಇಟ್ಟಿಗೆಗಳನ್ನೇ ಇಡಬೇಕು, ಪ್ರತಿ ಇಟ್ಟಿಗೆಯ ಬಹುಪಾಲು ಗೋಡೆಯ ಮೇಲೇ ಇರಬೇಕು. ಹಿಂಬದಿಗೆ ಭಾರ ಬೀಳುವ ಮುನ್ನ ಮುಂಬದಿಯನ್ನು ಕೈಯಿಂದ ಒತ್ತಿದರೆ ಇಡೀ ವರಸೆ ಮಗುಚುತ್ತದೆ. ತೂಗುಗುಂಡು ಇಲ್ಲಿ ನೇರವಾಗಿ ಉಪಯೋಗಕ್ಕೆ ಬಾರದು. ಒಂದೂವರೆ ಅಂಗುಲದ ಮರದ ತುಂಡೊಂದನ್ನು ಅಳತೆಗೆ ಕಡಿದುಕೊಂಡು, ಪ್ರತಿ ಇಟ್ಟಿಗೆಯ ಕೆಳಗೂ ಹಿಡಿದು ನೋಡುತ್ತ ಸಾಗಬೇಕು. ಮೊದಲ ದಿನ ಹುಡುಗಿ ಎರಡನೆಯ ವರಸೆಯಲ್ಲಿ ಅವಸರ ಮಾಡಿದಳು. ಐದಾರು ಇಟ್ಟಿಗೆ ಮುಂದಕ್ಕೆ ವಾಲಿ ನೆಲಕ್ಕೆ ಬಿದ್ದವು.  ಆಕೆ ಕೆಳಗಿಳಿದು, ಇಟ್ಟಿಗೆಗಳ ಗಾರೆ ಕೆರೆದು, ಮತ್ತೆ ನೀರಿಗೆ ಹಾಕಿ, ಮೇಲೇರಿದಳು. ಪಶ್ಚಿಮದ ಗೋಡೆಯಿಂದ ಆಡೂರಿನ ಹುಡುಗ ಕೂಗಿದ್ದು ಕೇಳಿಸಿತು: “ಅಕ್ಕಾ, ಬೀಳೋದಿದ್ರ ಆ ಕಡೆ ಬೀಳಸವಾ, ಈ ಕಡೆ ಸರ ನಿಂತಾರ.” ಹಲಗೆಗಳು ಬಂದ ದಿನದಿಂದ ಆಕೆ ನಕ್ಕಿದ್ದನ್ನು ನಾನು ಕಂಡಿದ್ದು ಆಗಲೇ.

ಒಂದು ವಾರ ಗೋಣಿಚೀಲ ಹೊದಿಸಿ ನೀರುಣಿಸಿದರು. ಮೇ ತಿಂಗಳ ಮೊದಲ ವಾರದಲ್ಲಿ ಪರೀಕ್ಷಕರು ಬಂದರು. ಯಾರಿಗೂ ಪರಿಚಿತರಲ್ಲ, ಹಿಂದಿನ ಕಥೆಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನೂಲು ಹಿಡಿದರು, ಮಟ್ಟದ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿ ನೋಡಿದರು, ಅಟ್ಟಣಿಗೆ ಹತ್ತಿ ಒಂದೊಂದು ಸಂದಿಗೂ ಬೆರಳಿಟ್ಟರು. ಪಶ್ಚಿಮದ ಗೋಡೆಯ ಒಂದು ಕಡೆ ವರಸೆ ಕೊಂಚ ಇಳಿದಿದೆ ಎಂದು ಗುರುತು ಮಾಡಿಕೊಂಡರು. ಪೂರ್ವದ ಗೋಡೆಗೆ ಏನನ್ನೂ ಬರೆದುಕೊಳ್ಳದೆ ಇಳಿದರು. ಇಬ್ಬರೂ ತೇರ್ಗಡೆಯಾದರು. ಹಲಗೆಗಳನ್ನು ಮತ್ತೆ ಏರಿಸಿದಾಗ ಅವು ಸದ್ದಿಲ್ಲದೆ ಕುಳಿತವು.

ಆ ವರ್ಷದ ಕೊನೆಯಲ್ಲಿ ದತ್ತಿಯವರು ಮಾಸೂರಿನಲ್ಲಿ ಎರಡನೆಯ ಕೋಣೆ ಕೈಗೆತ್ತಿಕೊಂಡಾಗ, ಗುತ್ತಿಗೆದಾರ ತಾನಾಗಿ ಹೊಸದೊಂದು ಉಕ್ಕಿನ ಟೇಪು ಕೊಂಡು ಹುಡುಗಿಯ ಕೈಗೆ ಕೊಟ್ಟು, ಗುರುತನ್ನು ಆಕೆಯೇ ಹಾಕಬೇಕೆಂದ. ನಾನೂ ಹೋಗಿದ್ದೆ. ಆಕೆ ಪ್ರತಿ ಬದಿಯನ್ನೂ ಎರಡು ತುದಿಗಳಿಂದ ಅಳೆದು, ಓದಿದ ಅಂಕಿಯನ್ನು ಗಟ್ಟಿಯಾಗಿ ಹೇಳಿ, ಎದುರಿನವರಿಂದ ಮತ್ತೆ ಹೇಳಿಸಿಕೊಂಡಳು. ತಾಯಿ ಆ ಕೆಲಸಕ್ಕೂ ಬುಟ್ಟಿ ಹೊರಲು ಬಂದಿದ್ದಳು. ಮಗಳು ಸುಣ್ಣದ ಗೆರೆ ಎಳೆಯುವಾಗ ದಾರಿ ಬಿಟ್ಟು ನಿಂತಿದ್ದಳು. ಈಗ ಮಗಳು ಶಿಗ್ಗಾವಿಯಲ್ಲಿ ಅದೇ ಗುತ್ತಿಗೆದಾರನ ಬಳಿ ಗೌಂಡಿ. ಈ ಎಲ್ಲದಕ್ಕೂ ನಾನು ಯಾರಿಗೆ ಋಣಿ ಎಂದು ಕೇಳಿದರೆ ಹೆಸರುಗಳು ಹಲವು; ಕಟ್ಟಡ ಕೊಟ್ಟವನು, ಕಠಿಣವಾಗಿ ಪರೀಕ್ಷಿಸಿದವರು, ಅನುಮಾನಿಸಿಯೂ ಸುಮ್ಮನಾದ ಆ ತರುಣ ಮೇಲ್ವಿಚಾರಕ ಕೂಡ. ಹಿರಿಯ ಗೌಂಡಿಯ ಹೆಸರು ಎಲ್ಲಕ್ಕೂ ಮೊದಲು ಬರುತ್ತದೆ. ಎಷ್ಟು ಮೊದಲು ಎಂಬುದು ನನಗೆ ತಡವಾಗಿ ತಿಳಿಯಿತು.

ದತ್ತಿಗೆ ಸಲ್ಲಿಸುವ ವರದಿಯಲ್ಲಿ ಆಯದ ಪದ್ಧತಿ ಇಂದಿಗೂ ಬಳಕೆಯಲ್ಲಿರುವುದರ ಬಗ್ಗೆ ಒಂದು ಟಿಪ್ಪಣಿ ಸೇರಿಸಬೇಕೆಂದು ೨೦೨೪ರ ನವೆಂಬರ್ ೧೧ರಂದು ಮತ್ತೆ ಯಲವಿಗಿಗೆ ಹೋದೆ. ಕೋಣೆಯಲ್ಲಿ ಮೂವರು ಓದುತ್ತಿದ್ದರು. ಅವರಿಗೆ ತೊಂದರೆಯಾಗದಂತೆ ಉಕ್ಕಿನ ಟೇಪಿನಿಂದ ಒಳ ಅಳತೆ ತೆಗೆದೆ: ಹದಿನೇಳು, ಹದಿನಾಲ್ಕು. ಗುಣಿಸಿದರೆ ಇನ್ನೂರ ಮೂವತ್ತೆಂಟು. ಎಂಟರಿಂದ ಭಾಗಿಸಿದರೆ ಶೇಷ ಆರು. ಆರು ಎಂದರೆ ಖರ, ಕತ್ತೆಯ ಆಯ, ಅಶುಭ. ನಕ್ಷೆಯಲ್ಲಿದ್ದ ಹದಿನೇಳು ಹದಿನೈದಕ್ಕೆ ಇನ್ನೂರ ಐವತ್ತೈದು. ಶೇಷ ಏಳು, ಗಜ, ಶುಭ. ಕೆಲವರು ಗೋಡೆಯ ಹೊರಮೈಯಿಂದ ಲೆಕ್ಕ ಹಿಡಿಯುತ್ತಾರೆಂದು ಹೊರಗೆ ಬಂದು ಅದನ್ನೂ ಅಳೆದೆ. ಭಿನ್ನರಾಶಿ ಬಿಟ್ಟು ನೋಡಿದರೆ ಕಟ್ಟಿರುವ ಕೋಣೆಗೆ ಅಲ್ಲಿಯೂ ಖರವೇ ಬಂತು, ನಕ್ಷೆಗೆ ಧ್ವಜ. ಆಯ ನೋಡುವ ಯಾವ ಗೌಂಡಿಯ ಕೈಯೂ ಈ ನಾಲ್ಕು ತಾಲೂಕುಗಳಲ್ಲಿ ಗಜವನ್ನು ಕೆಡಿಸಿ ಖರ ಮಾಡದು.

ಏಪ್ರಿಲ್ ೧೮ರಂದು ಹಿರಿಯ ಗೌಂಡಿ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ, ಅಂದು ಅಲ್ಲಿದ್ದ ಎಲ್ಲರಿಗೂ ನೆನಪಿದೆ, ಮತ್ತು ಅಂದೇ ನಾನು ಅದರ ಸಾರವನ್ನು ವರದಿಯ ಕರಡಿನಲ್ಲಿ ಬರೆದಿಟ್ಟಿದ್ದೇನೆ: ‘ಆಯಕ್ಕಾಗಿ ಅಗಲವನ್ನು ಒಂದು ಅಡಿ ತಗ್ಗಿಸಿದವರು ಹಿರಿಯ ಗೌಂಡಿ.’ ಯಲವಿಗಿಯ ಗೋಡೆಗಳು ಇದನ್ನು ಅನುಮೋದಿಸುವುದಿಲ್ಲ. ವಾಕ್ಯವನ್ನು ತಿದ್ದಲಿಲ್ಲ. ಅದರ ಕೆಳಗೆ ಎರಡೂ ಅಳತೆಗಳನ್ನು ಬರೆದು, ಶೇಷದ ಜಾಗವನ್ನು ಖಾಲಿ ಬಿಟ್ಟು, ವರದಿಯನ್ನು ಕಳಿಸಿದ್ದೇನೆ.